ಹನ್ನೆರಡೋ ಇಪ್ಪತ್ತನಾಲ್ಕೋ: ಆಟದಂಗಳದ ಪ್ರಶ್ನೋತ್ತರ

(ದಾವಣಗೆರೆಯ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರಾಗಿದ್ದು ನಿವೃತ್ತರಾದ ನಮ್ಮ ಅಂಕಣಕಾರರು ಈ ವಾರವೂ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಸರ್, ನನ್ನ ಅಕ್ಕ ಅಮೆರಿಕದ ಬ್ಲೂಮಿಂಗ್ಟನ್‌ನಲ್ಲಿರುವ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. 2026ರ ಜನವರಿಯಲ್ಲಿ ಅವರ ತಂಡ ಕಾಲೇಜು ಫುಟ್‌ಬಾಲ್ ಚಾಂಪಿಯನ್ ಆದ ದಿನ ಫೋನಿನಲ್ಲಿ ಅವಳು ಕೂಗಿದ ಕೂಗು ಇನ್ನೂ ಕಿವಿಯಲ್ಲಿದೆ. ಅಲ್ಲಿ ಪ್ಲೇಆಫ್ ಆಡುವ ತಂಡಗಳನ್ನು 12ರಿಂದ 16ಕ್ಕೆ ಅಥವಾ 24ಕ್ಕೆ ಏರಿಸಬೇಕೆಂದು ದೊಡ್ಡ ಚರ್ಚೆಯಂತೆ. ಅಕ್ಕ ಏರಿಸಬೇಕು ಎನ್ನುತ್ತಾಳೆ, ಅವಳ ಗೆಳತಿಯರು ಬೇಡ ಎನ್ನುತ್ತಾರೆ. ನೀವು ಏನು ಹೇಳುತ್ತೀರಿ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಹನ್ನೆರಡೇ ಇರಲಿ, ಮಗಳೇ. ಇನ್ನಷ್ಟು ತಂಡಗಳನ್ನು ಸೇರಿಸಲೇಬೇಕು ಎಂದಾದರೆ ಆ ಹೊಸ ಜಾಗಗಳು ತಮ್ಮ ತಮ್ಮ ಲೀಗ್ ಗೆದ್ದು ಬಂದವರಿಗೆ ಸಿಗಬೇಕು, ದೊಡ್ಡ ಲೀಗಿನ ಐದನೆಯ ಆರನೆಯ ತಂಡಕ್ಕಲ್ಲ.

ಈ ಆಟ ನೋಡದ ಓದುಗರಿಗಾಗಿ ನಾಲ್ಕು ಮಾತು. ಇದು ನಾವು ಕಾಲಿನಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ತೊಟ್ಟು, ಎರಡು ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಓಡುವವನನ್ನು ಹಿಡಿದು ಕೆಡಹುವ ಆಟ. ಅಗ್ರ ವಿಭಾಗದಲ್ಲಿ 130ಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳಿವೆ, ಆದರೆ ಒಂದೊಂದು ತಂಡ ಲೀಗ್ ಹಂತದಲ್ಲಿ ಆಡುವುದು ಹನ್ನೆರಡು ಪಂದ್ಯ ಮಾತ್ರ. ಎಲ್ಲರೂ ಎಲ್ಲರೊಡನೆ ಆಡುವ ಮಾತೇ ಇಲ್ಲ. ಅದಕ್ಕೆ ಕಾನ್ಫರೆನ್ಸ್ ಎಂಬ ಕೂಟಗಳನ್ನು (ಮೇಲೆ ನಾನು ಲೀಗ್ ಎಂದದ್ದು ಇವನ್ನೇ) ಮಾಡಿಕೊಂಡಿದ್ದಾರೆ. ಬಿಗ್ ಟೆನ್, ಎಸ್‌ಇಸಿ, ಎಸಿಸಿ, ಬಿಗ್ 12 ಎಂಬ ನಾಲ್ಕು ಹಣವಂತ ಕೂಟಗಳು, ಉಳಿದವು ಚಿಕ್ಕವು. ಚಿಕ್ಕ ಕೂಟದಲ್ಲಿ ಎಲ್ಲ ಪಂದ್ಯ ಗೆದ್ದವನು ಮೇಲೋ, ದೊಡ್ಡ ಕೂಟದಲ್ಲಿ ಎರಡು ಸೋತವನು ಮೇಲೋ ಎಂಬ ಪ್ರಶ್ನೆಗೆ ಅಂಗಳದಲ್ಲಿ ಉತ್ತರ ಸಿಗುವುದಿಲ್ಲ. ಉತ್ತರ ಹೇಳಲು 13 ಜನರ ಆಯ್ಕೆ ಸಮಿತಿ ಕೂರುತ್ತದೆ. ಜಗಳ ಹುಟ್ಟುವುದೇ ಅಲ್ಲಿ.

ನಮ್ಮಲ್ಲಿ ಹಾಗಿಲ್ಲ. ಕಬಡ್ಡಿಯನ್ನೋ ವಾಲಿಬಾಲನ್ನೋ ತೆಗೆದುಕೋ. ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ದೇಶವನ್ನು ನಾಲ್ಕು ವಲಯ ಮಾಡುತ್ತಾರೆ. ದಕ್ಷಿಣ ವಲಯದಲ್ಲಿ ಆಡಿ ಮೊದಲ ನಾಲ್ಕರಲ್ಲಿ ನಿಂತರೆ ಅಖಿಲ ಭಾರತ ಮಟ್ಟಕ್ಕೆ ಹೋಗುತ್ತೀಯ, ಐದನೆಯವಳಾದರೆ ಮನೆಗೆ ಬರುತ್ತೀಯ. ವ್ಯವಸ್ಥೆಯಲ್ಲಿ ಬೇರೆ ನೂರು ಕೊರತೆಗಳಿವೆ. ಮೈದಾನ ಸರಿಯಿರುವುದಿಲ್ಲ, ಊಟ ಸರಿಯಿರುವುದಿಲ್ಲ, ರಿಸರ್ವೇಷನ್ ಸಿಗದೆ ಹುಡುಗರು ರೈಲಿನ ಬಾಗಿಲ ಬಳಿ ಕುಳಿತು ಹೋಗಿದ್ದಾರೆ. ಆದರೆ ಸೋತ ಹುಡುಗನಿಗೆ ಯಾರಿಂದ ಸೋತೆ ಎಂಬುದು ಗೊತ್ತಿರುತ್ತದೆ. ಎದುರಾಳಿಯ ಮುಖ ನೋಡಿ ಸೋತಿರುತ್ತಾನೆ. ಒಂದು ಕೋಣೆಯಲ್ಲಿ ಕುಳಿತವರಿಂದ ಸೋತೆ ಎಂದು ಅವನು ಹೇಳಬೇಕಾಗಿ ಬರುವುದಿಲ್ಲ.

ಅಮೆರಿಕದಲ್ಲಿ ಅದು ಎಷ್ಟೋ ಸಲ ಆಗಿದೆ. 1998ರಿಂದ 2013ರ ಋತುವಿನವರೆಗೆ ಬಿಸಿಎಸ್ ಎಂಬ ಪದ್ಧತಿಯಿತ್ತು. ಮತಗಣನೆ, ಕಂಪ್ಯೂಟರ್ ಲೆಕ್ಕ ಎಲ್ಲ ಸೇರಿಸಿ ಎರಡೇ ತಂಡಗಳನ್ನು ಆರಿಸಿ ನೇರವಾಗಿ ಫೈನಲ್ ಆಡಿಸುತ್ತಿದ್ದರು. 2004ರಲ್ಲಿ ಆಬರ್ನ್ ತಂಡ ಒಂದೂ ಪಂದ್ಯ ಸೋಲದೆ ಹೊರಗೆ ನಿಂತಿತು. 2014ರಿಂದ ನಾಲ್ಕು ತಂಡಗಳ ಪ್ಲೇಆಫ್ ಬಂತು. ಮೊದಲ ವರ್ಷವೇ ನಾಲ್ಕನೆಯ ಶ್ರೇಯಾಂಕದ ಓಹಾಯೋ ಸ್ಟೇಟ್ ಕಪ್ ಗೆದ್ದಿತು. ಎರಡೇ ತಂಡ ಸಾಕು ಎನ್ನುತ್ತಿದ್ದವರಿಗೆ ಅದಕ್ಕಿಂತ ನೇರವಾದ ಉತ್ತರ ಇನ್ನೇನಿದೆ? 2017ರಲ್ಲಿ ಸೆಂಟ್ರಲ್ ಫ್ಲಾರಿಡಾ ತಂಡ ಎಲ್ಲ ಪಂದ್ಯ ಗೆದ್ದಿತು, ಚಿಕ್ಕ ಕೂಟದ್ದೆಂದು ಅದನ್ನು ಕರೆಯಲಿಲ್ಲ. ಆ ವರ್ಷ ಫೈನಲ್ ಆಡಿದ ಅಲಬಾಮ, ಜಾರ್ಜಿಯಾ ಎರಡನ್ನೂ ಲೀಗ್ ಹಂತದಲ್ಲಿ ಸೋಲಿಸಿದ್ದು ಆಬರ್ನ್. ಆ ಆಬರ್ನನ್ನು ಪೀಚ್ ಬೌಲ್ ಎಂಬ ಋತುವಿನ ಕೊನೆಯ ವಿಶೇಷ ಪಂದ್ಯದಲ್ಲಿ ಸೆಂಟ್ರಲ್ ಫ್ಲಾರಿಡಾ 34-27ರಿಂದ ಸೋಲಿಸಿತು.

ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು 2023ರ ಫ್ಲಾರಿಡಾ ಸ್ಟೇಟ್. ಅದು ಚಿಕ್ಕ ಕೂಟದ ತಂಡವಲ್ಲ, ಎಸಿಸಿ ಚಾಂಪಿಯನ್. ಹದಿಮೂರು ಆಡಿ ಹದಿಮೂರೂ ಗೆದ್ದಿತ್ತು. ನವೆಂಬರ್‌ನಲ್ಲಿ ಅದರ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿ ನಡೆಸುವ ಮುಖ್ಯ ಆಟಗಾರ, ಜೋರ್ಡನ್ ಟ್ರಾವಿಸ್ ಕಾಲು ಮುರಿದುಕೊಂಡ. ಉಳಿದ ಹುಡುಗರು ಅವನಿಲ್ಲದೆಯೂ ಗೆದ್ದರು, ಕೂಟದ ಫೈನಲನ್ನೂ ಗೆದ್ದರು. ಆದರೂ ಮುಖ್ಯ ಆಟಗಾರನಿಲ್ಲದ ತಂಡ ಮೊದಲಿನಷ್ಟು ಬಲಶಾಲಿಯಲ್ಲ ಎಂದು ಸಮಿತಿ ಅವರನ್ನು ಐದನೆಯ ಸ್ಥಾನಕ್ಕೆ ತಳ್ಳಿ, ಒಂದು ಪಂದ್ಯ ಸೋತಿದ್ದ ಅಲಬಾಮವನ್ನು ಒಳಗೆ ಕರೆಯಿತು. ಆಮೇಲೆ ಆರೆಂಜ್ ಬೌಲ್‌ನಲ್ಲಿ ಫ್ಲಾರಿಡಾ ಸ್ಟೇಟ್ ಜಾರ್ಜಿಯಾಕ್ಕೆ 63-3ರಿಂದ ಸೋತದ್ದನ್ನು ತೋರಿಸಿ, ಸಮಿತಿ ಹೇಳಿದ್ದೇ ಸರಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮನಸ್ಸು ಮುರಿದ ಆ ತಂಡದಲ್ಲಿ ಇಪ್ಪತ್ತಕ್ಕೂ ಹೆಚ್ಚು ಹುಡುಗರು ಆ ಪಂದ್ಯ ಆಡಲೇ ಇಲ್ಲ. ಗೆದ್ದ ಪಂದ್ಯಕ್ಕೆ ಬೆಲೆಯಿಲ್ಲ, ಮುಂದೆ ಗೆಲ್ಲಬಹುದೇ ಎಂಬ ಊಹೆಗೆ ಬೆಲೆಯಿದೆ ಎಂದು ಇಪ್ಪತ್ತು ವರ್ಷದ ಹುಡುಗನಿಗೆ ಹೇಳಿದರೆ ಅವನು ಯಾಕೆ ಬೆವರು ಸುರಿಸಬೇಕು? ನಾನೂ ವಿಶ್ವವಿದ್ಯಾಲಯ ತಂಡದ ಆಯ್ಕೆಗೆ ಅಂಗಳದ ಬದಿಯ ಕುರ್ಚಿಯಲ್ಲಿ ಕುಳಿತವನು. ಮೊಳಕಾಲ್ಮೂರು, ಜಗಳೂರಿನ ಕಡೆಯ ಮಕ್ಕಳು ಬೆಳಗಿನ ಮೊದಲ ಬಸ್ಸಿಗೆ ಬಂದು, ಬಿಸಿಲಲ್ಲಿ ಕಾದು, ಆಡಿ ತೋರಿಸಿದ ಮೇಲೆ ನಮ್ಮ ಪೆನ್ನಿನ ತುದಿಯನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಆ ಪೆನ್ನಿಗೆ ಅಷ್ಟು ಅಧಿಕಾರ ಇರಬಾರದು ಎಂದು ಆಗಲೂ ಅನಿಸುತ್ತಿತ್ತು, ಈಗಲೂ ಅನಿಸುತ್ತದೆ.

ಹಾಗಾಗಿ 2024ರಲ್ಲಿ ಹನ್ನೆರಡು ತಂಡಗಳ ಪ್ಲೇಆಫ್ ಬಂದಾಗ ನಾನು ನಿಜವಾಗಿ ಸಂತೋಷಪಟ್ಟೆ. ಮೊದಲ ಸುತ್ತಿನ ನಾಲ್ಕು ಪಂದ್ಯಗಳು ಮೇಲಿನ ಶ್ರೇಯಾಂಕದ ತಂಡದ ಕ್ಯಾಂಪಸ್ಸಿನಲ್ಲೇ ನಡೆಯುತ್ತವೆ. ಡಿಸೆಂಬರ್ ಚಳಿಯಲ್ಲಿ ಆ ಊರಿನವರು, ಅಲ್ಲಿಯ ವಿದ್ಯಾರ್ಥಿಗಳು ತುಂಬಿದ ಕ್ರೀಡಾಂಗಣದಲ್ಲಿ ಆಡುವುದು ಕಾಲೇಜು ಆಟಕ್ಕೆ ಒಪ್ಪುವ ರೀತಿ. ಆ ವರ್ಷ ಎಂಟನೆಯ ಶ್ರೇಯಾಂಕದ ಓಹಾಯೋ ಸ್ಟೇಟ್ ಏಳನೆಯ ನೋಟರ್‌ಡೇಮ್ ತಂಡವನ್ನು ಫೈನಲ್‌ನಲ್ಲಿ 34-23ರಿಂದ ಸೋಲಿಸಿತು. ನಾಲ್ಕೇ ತಂಡಗಳ ಕಾಲವಾಗಿದ್ದರೆ ಈ ಎರಡೂ ಟಿ.ವಿ. ಮುಂದೆ ಕುಳಿತು ಫೈನಲ್ ನೋಡಬೇಕಿತ್ತು. ನಿನ್ನ ಅಕ್ಕನ ಇಂಡಿಯಾನಾ ಕೂಡ 2024ರಲ್ಲಿ ಹತ್ತನೆಯ ಶ್ರೇಯಾಂಕದಲ್ಲಿ ಒಳಬಂದದ್ದು ಈ ಹನ್ನೆರಡರ ದಯೆಯಿಂದ. 2023ರಲ್ಲಿ ಮೂರು ಗೆದ್ದು ಒಂಬತ್ತು ಸೋತಿದ್ದ ತಂಡ ಅದು. ಕರ್ಟ್ ಸಿಗ್ನೆಟಿ ಎಂಬ ತರಬೇತುದಾರ ಬಂದು ಎರಡೇ ಋತುವಿನಲ್ಲಿ 16ಕ್ಕೆ 16 ಗೆಲ್ಲಿಸಿ ಕಪ್ ಕೊಡಿಸಿದರು. ಆ ಫೈನಲ್‌ನಲ್ಲಿ ಎದುರಿಗಿದ್ದ ಮಯಾಮಿಯೂ ಹತ್ತನೆಯ ಶ್ರೇಯಾಂಕದ್ದೇ.

ಇಷ್ಟೆಲ್ಲ ಒಳ್ಳೆಯದಾಗಿದೆಯಲ್ಲ, 24 ಮಾಡಿದರೆ ಇನ್ನೂ ಒಳ್ಳೆಯದಾಗಬಾರದೇ ಎಂದು ಅಕ್ಕ ಕೇಳಿಯಾಳು. ಇಲ್ಲಿ ಒಂದು ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೋ. ಒಂದೂ ಪಂದ್ಯ ಸೋಲದ ಚಾಂಪಿಯನ್ನನ್ನು ಹೊರಗಿಡುವುದು ಅನ್ಯಾಯ. ಎರಡು ಪಂದ್ಯ ಸೋತ ತಂಡ ಹೊರಗೆ ಉಳಿಯುವುದು ನಿರಾಶೆ. ಅನ್ಯಾಯಕ್ಕೆ ನಿಯಮ ಬದಲಿಸಬೇಕು, ನಿರಾಶೆಗೆ ಬದಲಿಸಬೇಕಾಗಿಲ್ಲ. 2025ರಲ್ಲಿ ಹೆಚ್ಚು ಗದ್ದಲವಾದದ್ದು ಹತ್ತು ಗೆದ್ದು ಎರಡು ಸೋತ ನೋಟರ್‌ಡೇಮ್ ಹೊರಗುಳಿದಾಗ. ಅಷ್ಟೇ ಗೆದ್ದು ಅಷ್ಟೇ ಸೋತಿದ್ದ ಮಯಾಮಿಗೆ ಜಾಗ ಸಿಕ್ಕಿತು. ಋತುವಿನ ಮೊದಲ ಪಂದ್ಯದಲ್ಲೇ ಮಯಾಮಿ ನೋಟರ್‌ಡೇಮ್ ತಂಡವನ್ನು 27-24ರಿಂದ ಸೋಲಿಸಿತ್ತು. ಹಾಗಿದ್ದೂ ಸಮಿತಿ ವಾರಗಟ್ಟಲೆ ನೋಟರ್‌ಡೇಮನ್ನೇ ಮೇಲಿಟ್ಟು ಕೊನೆಯ ದಿನ ತಿರುಗಿಸಿತು. ಹೀಗೆ ಆಸೆ ಹುಟ್ಟಿಸಿ ಕಸಿದುಕೊಂಡದ್ದು ತಪ್ಪು. ಆದರೆ ಕೊನೆಯ ನಿರ್ಧಾರ ಸರಿ, ಏಕೆಂದರೆ ಅದನ್ನು ಅಂಗಳ ಆಗಸ್ಟ್‌ನಲ್ಲೇ ಹೇಳಿತ್ತು. 24 ತಂಡ ಮಾಡಿದರೆ ಇದೇ ಜಗಳ ಇಪ್ಪತ್ತೈದನೆಯವನ ಹೆಸರಿನಲ್ಲಿ ನಡೆಯುತ್ತದೆ. ಅವನು ನಾಲ್ಕು ಪಂದ್ಯ ಸೋತಿರುತ್ತಾನೆ.

ಇನ್ನೊಂದು ನಷ್ಟವೂ ಇದೆ. ಹನ್ನೆರಡೇ ಪಂದ್ಯಗಳ ಆಟದಲ್ಲಿ ಪ್ರತಿ ಶನಿವಾರಕ್ಕೂ ಜೀವವಿದೆ. ಒಂದು ಸೋಲು ಎದೆಗೆ ನಾಟುತ್ತದೆ. 2024ರ ನವೆಂಬರ್‌ನಲ್ಲಿ ಓಹಾಯೋ ಸ್ಟೇಟ್ ತನ್ನ ಬದ್ಧ ಎದುರಾಳಿ ಮಿಷಿಗನ್‌ಗೆ ತನ್ನದೇ ಅಂಗಳದಲ್ಲಿ 13-10ರಿಂದ ಸೋತು, ಆಮೇಲೂ ಚಾಂಪಿಯನ್ ಆಯಿತು. ಇಷ್ಟು ಸಡಿಲಿಕೆಯನ್ನು ನಾನು ಒಪ್ಪುತ್ತೇನೆ, ಒಂದು ಕೆಟ್ಟ ದಿನಕ್ಕೆ ವರ್ಷವನ್ನೇ ಕಳೆದುಕೊಳ್ಳಬಾರದು. ಆದರೆ 24ರಲ್ಲಿ ಮೇಲಿನ ತಂಡಗಳು ನವೆಂಬರ್ ಹೊತ್ತಿಗೆ ತಮ್ಮ ಜಾಗ ಖಚಿತವೆಂದು ಮುಖ್ಯ ಆಟಗಾರರನ್ನು ಕೂರಿಸಿಬಿಡುತ್ತವೆ. ಆಗ ಮಿಷಿಗನ್ ಪಂದ್ಯಕ್ಕೆ ಬೆಲೆಯೆಲ್ಲಿ?

ಈಗ ಅನ್ಯಾಯ ಪೂರ್ತಿ ನೀಗಿದೆಯೇ ಎಂದರೆ, ಇಲ್ಲ. ಹನ್ನೆರಡರಲ್ಲಿ ಐದು ಜಾಗ ಕೂಟಗಳ ಚಾಂಪಿಯನ್ನರಿಗೆ. 2025ರವರೆಗೆ ಅದು ಶ್ರೇಯಾಂಕದಲ್ಲಿ ಮೇಲಿದ್ದ ಐವರಿಗೆ ಮಾತ್ರ ಇತ್ತು, 2026ರಿಂದ ನಾಲ್ಕು ದೊಡ್ಡ ಕೂಟಗಳ ಚಾಂಪಿಯನ್ನರಿಗೆ ಮತ್ತು ಚಿಕ್ಕ ಕೂಟಗಳ ಚಾಂಪಿಯನ್ನರಲ್ಲಿ ಶ್ರೇಯಾಂಕದಲ್ಲಿ ಮೇಲಿರುವ ಒಬ್ಬರಿಗೆ. ಚಿಕ್ಕ ಕೂಟದ ಚಾಂಪಿಯನ್ ಒಂದೂ ಸೋಲದೆಯೂ ಹೊರಗುಳಿಯುವ ಸಾಧ್ಯತೆ ಇಂದಿಗೂ ಇದೆ. 2025ರಲ್ಲಿ ಟುಲೇನ್, ಜೇಮ್ಸ್ ಮ್ಯಾಡಿಸನ್ ಎಂಬ ಎರಡು ಚಿಕ್ಕ ಕೂಟದ ತಂಡಗಳು ಬಂದವು, ಅದೂ ಋತುವಿನಲ್ಲಿ ಐದು ಪಂದ್ಯ ಸೋತಿದ್ದ ಡ್ಯೂಕ್ ಎಸಿಸಿ ಚಾಂಪಿಯನ್ ಆದ್ದರಿಂದ ಒದಗಿದ ಅವಕಾಶ. ಎರಡೂ ಮೊದಲ ಸುತ್ತಿನಲ್ಲೇ ಸೋತವು. ಇವರಿಗೆ ಯಾಕೆ ಜಾಗ ಎಂದು ಮರುದಿನವೇ ಕೂಗೆದ್ದಿತು. ಜೇಮ್ಸ್ ಮ್ಯಾಡಿಸನ್ ಒರೆಗಾನ್ ಅಂಗಳದಲ್ಲಿ 34 ಅಂಕ ಗಳಿಸಿ 51-34ರಿಂದ ಸೋತಿತು. ಎಂಟರ ಘಟ್ಟದಲ್ಲಿ ಅಲಬಾಮ ಇಂಡಿಯಾನಾಕ್ಕೆ 38-3ರಿಂದ ಸೋತಿತು. ಅಲಬಾಮಕ್ಕೆ ಯಾಕೆ ಜಾಗ ಎಂದು ಅಷ್ಟು ಗಟ್ಟಿಯಾಗಿ ಕೇಳಿದವರು ಕಡಿಮೆ.

ಬಿಗ್ ಟೆನ್ ಕೂಟ ಮುಂದಿಟ್ಟಿದ್ದ 16 ತಂಡಗಳ ಒಂದು ಯೋಜನೆ ನೋಡು: ಬಿಗ್ ಟೆನ್‌ಗೆ ನಾಲ್ಕು, ಎಸ್‌ಇಸಿಗೆ ನಾಲ್ಕು, ಎಸಿಸಿಗೆ ಎರಡು, ಬಿಗ್ 12ಕ್ಕೆ ಎರಡು, ಚಿಕ್ಕ ಕೂಟಗಳೆಲ್ಲ ಸೇರಿ ಒಂದು, ಉಳಿದ ಮೂರು ಮುಕ್ತ. ಆಡುವ ಮೊದಲೇ ಹಂಚಿಕೊಂಡ ಪಾಲು ಇದು. ಎಸ್‌ಇಸಿ ಮತ್ತಿತರರು ಇಷ್ಟಪಟ್ಟ ಇನ್ನೊಂದು ರೂಪದಲ್ಲಿ ಐದು ಚಾಂಪಿಯನ್ನರು, ಹನ್ನೊಂದು ಸಮಿತಿಯ ಆಯ್ಕೆ. ಅಂದರೆ ಪೆನ್ನಿಗೆ ಇನ್ನೂ ನಾಲ್ಕು ಜಾಗ. ಎರಡೂ ನನಗೆ ಒಪ್ಪಿಗೆಯಿಲ್ಲ. ಪ್ರತಿ ಕೂಟದ ಚಾಂಪಿಯನ್ನನಿಗೂ ಒಂದು ಜಾಗ ಕೊಟ್ಟು 16 ಮಾಡುತ್ತೇವೆ ಎನ್ನಲಿ, ಆ ದಿನ ನಾನೂ ಅಕ್ಕನ ಪಕ್ಷ.

ಹಾಗೆ ಯಾರೂ ಹೇಳುತ್ತಿಲ್ಲ. ಇಎಸ್‌ಪಿಎನ್ ವಾಹಿನಿಯೊಂದಿಗಿನ ಪ್ಲೇಆಫ್ ಒಪ್ಪಂದದ ಮೊತ್ತ ಆರು ವರ್ಷಕ್ಕೆ 780 ಕೋಟಿ ಡಾಲರ್. 12 ತಂಡಗಳಾದರೆ 11 ಪಂದ್ಯ, 24 ಆದರೆ 23 ಪಂದ್ಯ. ಹೊಸ ಪಂದ್ಯಗಳ ಹಣದಲ್ಲಿ ದೊಡ್ಡ ಪಾಲು ಎಲ್ಲಿಗೆ ಹೋಗುತ್ತದೆ ಎಂದು ಮೇಲಿನ ಜಾಗಗಳ ಪಟ್ಟಿ ನೋಡಿದರೆ ತಿಳಿಯುತ್ತದೆ. 2026ರ ಋತುವಿಗೆ ಒಮ್ಮತವಾಗದೆ ಹನ್ನೆರಡೇ ಉಳಿದಿದೆ. ಅದು ನನಗೆ ಸಮಾಧಾನದ ಸುದ್ದಿ.

ಪ್ರಶ್ನೆ: ಕಾಲೇಜು ಮಕ್ಕಳು ಅಷ್ಟೊಂದು ಪಂದ್ಯ ಆಡಿದರೆ ಓದು, ಆರೋಗ್ಯ ಏನಾಗಬೇಕು? ನನ್ನ ಮಗನಿಗೂ ಆಟದ ಹುಚ್ಚು, ಅದಕ್ಕೇ ಕೇಳುತ್ತಿದ್ದೇನೆ.
– ಗೃಹಿಣಿ, ಹರಿಹರ

ಉತ್ತರ: ಸರಿಯಾದ ಜಾಗಕ್ಕೆ ಕೈ ಇಟ್ಟಿದ್ದೀರಿ, ತಾಯಿ. ಮೇಲಿನ ಚರ್ಚೆಯಲ್ಲಿ ಎಲ್ಲರೂ ತಂಡ ಎಣಿಸುತ್ತಾರೆ, ದೇಹ ಎಣಿಸುವವರು ಕಡಿಮೆ.

ಇಂಡಿಯಾನಾ ಹುಡುಗರು ಆ ಋತುವಿನಲ್ಲಿ 16 ಪಂದ್ಯ ಆಡಿದರು. ಲೀಗ್ ಹಂತದ 12, ಕೂಟದ ಫೈನಲ್ 1, ಪ್ಲೇಆಫ್‌ನ 3. ಮೊದಲ ಸುತ್ತಿನಲ್ಲಿ ಅವರಿಗೆ ಬೈ (ಆಡದೆಯೇ ಮುಂದಿನ ಸುತ್ತಿಗೆ ಹೋಗುವ ಅವಕಾಶ) ಇತ್ತು, ಇಲ್ಲದಿದ್ದರೆ 17. ಸಂಬಳಕ್ಕಾಗಿ ಆಡುವ ವೃತ್ತಿಪರ ಎನ್‌ಎಫ್‌ಎಲ್ ತಂಡದ ಲೀಗ್ ಹಂತವೇ 17 ಪಂದ್ಯ. ತಂಡಗಳನ್ನು 24ಕ್ಕೆ ಏರಿಸಿದರೆ ಬೈ ಸಿಗದ ತಂಡ ಕಪ್ ಗೆಲ್ಲಲು ಪ್ಲೇಆಫ್‌ನಲ್ಲೇ ಐದು ಪಂದ್ಯ ಆಡಬೇಕು. ಇದು ತಲೆಗೆ ತಲೆ ಬಡಿಯುವ ಆಟ. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟಿನಿಂದ ಬರುವ ಸಿಟಿಇ ಎಂಬ ಮೆದುಳಿನ ಕಾಯಿಲೆಯ ಬಗ್ಗೆ ಬಾಸ್ಟನ್ ವಿಶ್ವವಿದ್ಯಾಲಯದವರು ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ. ಅದನ್ನು ಖಚಿತಪಡಿಸಿಕೊಳ್ಳಲು ಸತ್ತ ಮೇಲೆ ಮೆದುಳನ್ನು ಪರೀಕ್ಷಿಸಬೇಕು. ಪೆಟ್ಟುಗಳ ಲೆಕ್ಕ ಹೆಚ್ಚಿದಷ್ಟೂ ಅಪಾಯ ಹೆಚ್ಚು ಎಂಬುದಂತೂ ತಿಳಿದ ವಿಷಯ. ಇಷ್ಟು ತಿಳಿದ ಮೇಲೆ ಒಂದು ಸುತ್ತು ಹೆಚ್ಚಿಸುವವರು ಅದಕ್ಕೆ ಬದಲಾಗಿ ಎಲ್ಲಿ ಒಂದು ಪಂದ್ಯ ಕಡಿಮೆ ಮಾಡುತ್ತೇವೆ ಎಂದು ಮೊದಲು ಹೇಳಬೇಕು.

ಓದಿನ ಮಾತು: ಪ್ಲೇಆಫ್‌ನ ಮೊದಲ ಸುತ್ತು ಬರುವುದು ಡಿಸೆಂಬರ್ ಮೂರನೆಯ ವಾರದ ಹೊತ್ತಿಗೆ. ಅಲ್ಲಿಯ ಸೆಮಿಸ್ಟರ್ ಪರೀಕ್ಷೆಗಳೂ ಅದೇ ಆಸುಪಾಸಿನಲ್ಲಿ. ಹಣದ ಮಟ್ಟಿಗೆ ಹುಡುಗರ ಸ್ಥಿತಿ ಮೊದಲಿಗಿಂತ ಉತ್ತಮವಾಗಿದೆ. 2021ರಿಂದ ತಮ್ಮ ಹೆಸರು, ಚಿತ್ರ ಬಳಸುವ ಜಾಹೀರಾತಿನಿಂದ ಗಳಿಸಬಹುದು. ನ್ಯಾಯಾಲಯದ ಒಪ್ಪಂದವೊಂದರಂತೆ 2025ರ ಜುಲೈಯಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು. ಕೊಡಲೇಬೇಕು ಕೂಡ. ಕೋಟಿಗಟ್ಟಲೆ ಡಾಲರ್ ತರುವ ಭುಜಕ್ಕೆ ಪೆಟ್ಟು ಬಿದ್ದಾಗ ಅದರ ಖರ್ಚು ತಾಯಿಯ ಮೇಲೆ ಬೀಳಬಾರದು.

ನಿಮ್ಮ ಮಗ ಯಾವ ಆಟ ಆಡುತ್ತಾನೆ ಎಂದು ಬರೆದಿಲ್ಲ. ಯಾವುದಾದರೂ ಸರಿ, ಆಡಲಿ. ತಲೆಗೆ ಪೆಟ್ಟು ಬಿದ್ದ ದಿನ ಮತ್ತೆ ಅಂಗಳಕ್ಕೆ ಇಳಿಸಬೇಡಿ. ವಾಂತಿ, ತಲೆ ಸುತ್ತು, ಮಾತಿನಲ್ಲಿ ತೊದಲು ಕಂಡರೆ ನಾಳೆಗೆ ಮುಂದೂಡದೆ ವೈದ್ಯರ ಬಳಿ ಕರೆದೊಯ್ಯಿರಿ. ಕೋಚ್ ಏನೇ ಹೇಳಲಿ, ಈ ವಿಷಯದಲ್ಲಿ ನಿಮ್ಮ ಮಾತೇ ಕೊನೆಯದಾಗಲಿ.

ಪ್ರಶ್ನೆ: ಹಾಗಾದರೆ ಐಪಿಎಲ್‌ನಲ್ಲೂ ಪ್ಲೇಆಫ್ ತಂಡಗಳನ್ನು ನಾಲ್ಕರಿಂದ ಆರಕ್ಕೆ ಏರಿಸಬೇಕಲ್ಲವೇ?
– ಆರ್‌ಸಿಬಿ ಅಭಿಮಾನಿ, ಹಿರಿಯೂರು

ಉತ್ತರ: ಬೇಡ. ಹತ್ತು ತಂಡ, ತಲಾ 14 ಪಂದ್ಯ. ಎಲ್ಲರೂ ಎಲ್ಲರೊಡನೆ ಆಡುತ್ತಾರೆ, ಅಂಕಪಟ್ಟಿಯೇ ಆಯ್ಕೆ ಸಮಿತಿ. ಸತತ ಆರು ಸೋತಿದ್ದ ನಮ್ಮ ಬೆಂಗಳೂರು ತಂಡ 2024ರಲ್ಲಿ ಸತತ ಆರು ಗೆದ್ದು ರನ್‌ರೇಟ್ ಬಲದಿಂದ ನಾಲ್ಕನೆಯದಾಗಿ ಒಳಗೆ ಹೋದ ರಾತ್ರಿಯನ್ನು ನೆನಪಿಸಿಕೊಳ್ಳಿ. ಆರು ತಂಡಗಳಿಗೆ ಜಾಗವಿದ್ದಿದ್ದರೆ ಆ ರಾತ್ರಿ ಅಷ್ಟು ಉಸಿರು ಬಿಗಿಹಿಡಿದು ಕೂರುತ್ತಿದ್ದಿರಾ?

ಪ್ರಶ್ನೆ: ನಮ್ಮೂರ ಯುವಕ ಸಂಘದಿಂದ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಇಟ್ಟುಕೊಂಡಿದ್ದೇವೆ. ಹದಿನಾರು ತಂಡ ಎಂದುಕೊಂಡಿದ್ದೆವು, ಇಪ್ಪತ್ನಾಲ್ಕು ಹೆಸರು ಕೊಟ್ಟಿವೆ. ಎಂಟು ತಂಡಗಳಿಗೆ ಬೇಡ ಎನ್ನಬೇಕೇ? ಎರಡು ಅಂಕಣಗಳಿವೆ.
– ಸಂಘದ ಕಾರ್ಯದರ್ಶಿ, ಜಗಳೂರು ತಾಲ್ಲೂಕು

ಉತ್ತರ: ಖಂಡಿತ ಬೇಡ ಎನ್ನಬೇಡಿ. ಅಮೆರಿಕಕ್ಕೆ ಹನ್ನೆರಡು ಸಾಕು ಎಂದವನು ನಿಮಗೆ ಇಪ್ಪತ್ನಾಲ್ಕು ಇರಲಿ ಎನ್ನುತ್ತಿದ್ದೇನೆ, ಕಾರಣವಿದೆ. ಅಲ್ಲಿಯ ತಂಡಗಳು ಹನ್ನೆರಡು ಪಂದ್ಯ ಆಡಿ ಬಂದಿರುತ್ತವೆ. ನಿಮ್ಮಲ್ಲಿಗೆ ಬರುವವರಿಗೆ ಅದೇ ಮೊದಲ ಪಂದ್ಯ. ಟ್ರ್ಯಾಕ್ಟರ್ ಮಾಡಿಕೊಂಡು ಬಂದವರನ್ನು ಆಡಿಸದೆ ಕಳುಹಿಸಬಾರದು.

ನೇರ ನಾಕೌಟ್ ಆಡಿಸಿದರೆ 23 ಪಂದ್ಯಗಳಲ್ಲಿ ಮುಗಿಯುತ್ತದೆ, ಆದರೆ ಹನ್ನೆರಡು ತಂಡಗಳು ಒಂದೇ ಪಂದ್ಯ ಆಡಿ ಹೊರಡುತ್ತವೆ. ಒಂದು ಕೆಟ್ಟ ರೇಡ್, ಮುಗಿಯಿತು. ಕಾಲೇಜುಗಳ ನಡುವಿನ ಕೂಟಗಳಲ್ಲಿ ಇದನ್ನು ಕಂಡು ಕಂಡು ಬೇಸತ್ತವನು ನಾನು. ದೂರದ ಕಾಲೇಜಿನ ಹುಡುಗಿಯರು ಬೆಳಿಗ್ಗೆ ಹತ್ತಕ್ಕೆ ಸೋತು ಮಧ್ಯಾಹ್ನದ ಊಟಕ್ಕೂ ನಿಲ್ಲದೆ ಹೊರಟುಬಿಡುತ್ತಿದ್ದರು.

ಅದರ ಬದಲು ಮೂರು ಮೂರು ತಂಡಗಳ ಎಂಟು ಪೂಲ್ ಮಾಡಿ. ಪ್ರತಿ ಪೂಲ್‌ನಲ್ಲಿ ಮೂರು ಪಂದ್ಯ, ಒಟ್ಟು 24. ಪೂಲ್ ಗೆದ್ದ ಎಂಟು ತಂಡಗಳಿಗೆ ನಾಕೌಟ್, ಅದು 7 ಪಂದ್ಯ. ಎಲ್ಲ ಸೇರಿ 31. ಪ್ರತಿ ತಂಡಕ್ಕೂ ಕನಿಷ್ಠ ಎರಡು ಪಂದ್ಯ ಖಾತ್ರಿ. ಎರಡು ಅಂಕಣ, ಎರಡು ರಾತ್ರಿ ಇಟ್ಟುಕೊಂಡರೆ ಒಂದು ಅಂಕಣಕ್ಕೆ ರಾತ್ರಿಗೆ ಎಂಟು ಪಂದ್ಯಕ್ಕಿಂತ ಹೆಚ್ಚಾಗುವುದಿಲ್ಲ. ಪೂಲ್ ಹಂತದಲ್ಲಿ 15-15 ನಿಮಿಷ ಆಡಿಸಿ, ಸೆಮಿಫೈನಲ್‌ನಿಂದ ಪೂರ್ತಿ 20-20.

ಕಳೆದ ವರ್ಷದ ಎಂಟರ ಘಟ್ಟದ ತಂಡಗಳು ಬಂದಿದ್ದರೆ ಅವನ್ನು ಒಂದೊಂದು ಪೂಲ್‌ಗೆ ಒಂದರಂತೆ ಹಾಕಿ, ಉಳಿದದ್ದಕ್ಕೆ ಚೀಟಿ ಎತ್ತಿ. ಚೀಟಿಯನ್ನು ಸಂಘದವರು ಎತ್ತಬೇಡಿ, ಎಲ್ಲ ತಂಡಗಳ ನಾಯಕರ ಎದುರಿಗೆ ಒಂದು ಮಗುವಿನ ಕೈಯಲ್ಲಿ ಎತ್ತಿಸಿ. ಪೂಲ್‌ನಲ್ಲಿ ಇಬ್ಬರು ಸಮನಾದರೆ ಅವರಿಬ್ಬರ ನಡುವಿನ ಪಂದ್ಯ ಗೆದ್ದವರು ಮುಂದೆ. ಮೂವರೂ ಒಂದೊಂದು ಗೆದ್ದು ಸಮನಾದರೆ ಪಾಯಿಂಟ್ ಅಂತರ ನೋಡಿ. ಈ ನಿಯಮವನ್ನು ಮೊದಲ ಪಂದ್ಯಕ್ಕೆ ಮುಂಚೆ ಮೈಕಿನಲ್ಲಿ ಓದಿ, ಬರೆದು ಕಂಬಕ್ಕೆ ಅಂಟಿಸಿ. ಆಮೇಲೆ ಯಾವ ಗಣ್ಯರು ಬಂದು ಹೇಳಿದರೂ ಬದಲಿಸಬೇಡಿ. ನಿರ್ಣಾಯಕರನ್ನು ಸ್ಪರ್ಧಿಸುವ ಊರುಗಳ ಹೊರಗಿನಿಂದ ಕರೆಸಿ. ಪೂಲ್ ಪಟ್ಟಿ ಸಿದ್ಧವಾದ ಮೇಲೆ ಒಂದು ಪ್ರತಿಯನ್ನು ಪತ್ರಿಕೆಯ ವಿಳಾಸಕ್ಕೆ ಕಳುಹಿಸಿ. ಒಂದೇ ತಂಡಕ್ಕೆ ಬೆನ್ನುಬೆನ್ನಿಗೆ ಎರಡು ಪಂದ್ಯ ಬಿದ್ದಿದೆಯೇ ಎಂದು ನೋಡಿ, ಬಿದ್ದಿದ್ದರೆ ಸರಿಪಡಿಸಿ ವಾರದೊಳಗೆ ಹಿಂದಿರುಗಿಸುತ್ತೇನೆ.